ಲಿಥಿಯಂ ಗುಳಿಗೆ ಮತ್ತು ಥೈರಾಯ್ಡ್

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯವನ್ನು ಇಗರ್ಜಿಯ ಅಂಗಳದಲ್ಲೇ ವಿಚಾರಿಸಿಕೊಳ್ಳುವ ನಮ್ಮವರು ಮನೋರೋಗದ ಮಾತು ಬಂದೊಡನೆ ಸುಮ್ಮನಾಗುತ್ತಾರೆ. ಇದರಿಂದ ನಷ್ಟ ರೋಗಿಗೇ. ಆದುದರಿಂದ ಈ ಬಾರಿ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆಯ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಈ ಕಾಯಿಲೆಯಲ್ಲಿ ಕೆಲವು ಕಾಲ ನಿದ್ದೆಯೇ ಬೇಡವೆನ್ನುವ ಹುರುಪು, ಮಿತಿಮೀರಿದ ಖರ್ಚು. ಮತ್ತೆ ಕೆಲವು ಕಾಲ ಹಾಸಿಗೆಯಿಂದ ಏಳಲಾಗದ ಖಿನ್ನತೆ. ಲಿಥಿಯಂ ಉನ್ಮಾದವನ್ನು ಶಮನಗೊಳಿಸುತ್ತದೆಂದು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದರು. ಇಂದಿಗೂ ಅದು ಒಳ್ಳೆಯ ಔಷಧವೇ. ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ಹಾರ್ಮೋನನ್ನು ರಕ್ತಕ್ಕೆ ಬಿಡುವುದನ್ನು ಅದು ಕೆಲವರಲ್ಲಿ ಕುಂಠಿತಗೊಳಿಸುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ಕೆಲವರ ಕತ್ತು ಊದಿಕೊಳ್ಳುವುದೂ ಉಂಟು.

ಕಷ್ಟವಿರುವುದು ಗುರುತಿಸುವುದರಲ್ಲಿ. ಆಯಾಸ, ಮಂಕು, ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು ಇದರ ಲಕ್ಷಣಗಳು. ಅಡಿಕೆ ಸುಲಿಯಲು ಕುಳಿತವಳು ಅಲ್ಲೇ ತೂಕಡಿಸಿದರೆ ಮನೆಯವರು ಸೋಮಾರಿತನ ಎನ್ನುತ್ತಾರೆ, ಇಲ್ಲವೇ ಹಳೆಯ ಕಾಯಿಲೆ ಮರುಕಳಿಸಿತೆಂದು ಹೆದರುತ್ತಾರೆ. ಗುಳಿಗೆಯೇ ಕೆಡಿಸಿತೆಂದು ಅದನ್ನು ತಾವಾಗಿ ನಿಲ್ಲಿಸಿಬಿಡುವವರೂ ಇದ್ದಾರೆ. ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಕೆಲವೇ ವಾರಗಳಲ್ಲಿ ಕೆರಳಬಹುದು.

ಬೋರ್ಡೋ ದ್ರಾವಣ ತಯಾರಿಸುವವರು ಸಿಂಪಡಿಸುವ ಮೊದಲು ಅದರಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುತ್ತೀರಿ. ಅಲಗು ಕೆಂಪಾದರೆ ದ್ರಾವಣವನ್ನು ಚೆಲ್ಲುವುದಿಲ್ಲ, ಇನ್ನಷ್ಟು ಸುಣ್ಣದ ನೀರು ಸೇರಿಸುತ್ತೀರಿ. ಇಲ್ಲಿಯೂ ಹಾಗೆಯೇ. ಲಿಥಿಯಂ ಆರಂಭಿಸುವ ಮೊದಲು, ಆಮೇಲೆ ಆರು ತಿಂಗಳಿಗೊಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಬೇಕು. ಕೊರತೆ ಕಂಡರೆ ವೈದ್ಯರು ಥೈರಾಕ್ಸಿನ್ ಗುಳಿಗೆ ಸೇರಿಸುತ್ತಾರೆ. ಲಿಥಿಯಂ ಸಾಮಾನ್ಯವಾಗಿ ಮುಂದುವರಿಯುತ್ತದೆ. ಥೈರಾಕ್ಸಿನನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾಕ್ಕೆ ಅರ್ಧ ಗಂಟೆಯಾದರೂ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ.

ರಕ್ತದಲ್ಲಿರುವ ಲಿಥಿಯಂ ಪ್ರಮಾಣವನ್ನೂ ಮೂತ್ರಪಿಂಡವನ್ನೂ ಪರೀಕ್ಷಿಸಿಕೊಳ್ಳಿ. ಬಿಸಿಲಲ್ಲಿ ಗೇರುಬೀಜ ಹೆಕ್ಕಿ ಬೆವರಿದಾಗ, ವಾಂತಿಭೇದಿಯಾದಾಗ ಈ ಪ್ರಮಾಣ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಬ್ರೂಫೆನ್, ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ವಾಲಿದರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ವೈದ್ಯರನ್ನೇ ನಂಬಿದ್ದ ನಮ್ಮ ಜಿಲ್ಲೆಯವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಔಷಧಿ ಚೀಟಿ, ಪರೀಕ್ಷೆಯ ವರದಿಗಳನ್ನು ಒಂದೇ ಕಡೆ ಜೋಪಾನವಾಗಿಡಿ. ಕಾಸರಗೋಡಿನ ವೈದ್ಯರಿಗೂ ಅವನ್ನು ತೋರಿಸಿ ಚಿಕಿತ್ಸೆ ಮುಂದುವರಿಸಬಹುದು.