ಯುವಜನ ಮಾರ್ಗದರ್ಶಕರ ಸಮ್ಮೇಳನಕ್ಕೆ ಕಮ್ಮಟ: ಪ್ರಸ್ತಾವನೆ ಸಿದ್ಧಪಡಿಸುವ ಬಗೆ



ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರ ಜೊತೆ ಅನುಭವಿ ಹಿರಿಯರೊಬ್ಬರನ್ನು ಜೋಡಿಸಿ, ಅವರಿಂದ ದಾರಿ ತೋರಿಸುವ ಸ್ವಯಂಸೇವಾ ಸಂಸ್ಥೆಗಳು ಇಂದು ಹಲವು ಕಡೆ ಕೆಲಸ ಮಾಡುತ್ತಿವೆ. ಇಂತಹ ಸಂಸ್ಥೆಗಳು ಸಮ್ಮೇಳನ ನಡೆಸುವಾಗ, ಕೆಲವು ತಿಂಗಳು ಮೊದಲೇ ಕಮ್ಮಟಗಳಿಗೆ ಪ್ರಸ್ತಾವನೆಗಳನ್ನು ಆಹ್ವಾನಿಸುವುದು ವಾಡಿಕೆ. ಊರಿನ ಯುವಕರಿಗೆ ಬೇಸಾಯ ಹೇಳಿಕೊಡುತ್ತಿರುವ ರೈತರು ಇದಕ್ಕೆ ಮುಂದಾಗುವುದು ಕಡಿಮೆ. ‘ಬರೆಯುವುದು ಓದಿದವರ ಕೆಲಸ, ನಮಗೇಕೆ?’ ಎಂಬ ಹಿಂಜರಿಕೆಯೇ ಇದಕ್ಕೆ ಕಾರಣ. ಆದರೆ ಕೈಯಿಂದ ಮಾಡಿ ತೋರಿಸಬಲ್ಲ ವಿದ್ಯೆ ಇರುವುದು ನಿಮ್ಮಲ್ಲಿಯೇ. ಅದನ್ನು ಒಂದು ಪುಟದಲ್ಲಿ ಬರೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಮ್ಮಟವೆಂದರೆ ಭಾಷಣವಲ್ಲ

ಭಾಷಣದಲ್ಲಿ ಒಬ್ಬರು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ. ಕಮ್ಮಟದಲ್ಲಿ ಬಂದವರೆಲ್ಲರೂ ಕೆಲಸ ಮಾಡಬೇಕು. ಇದು ಹೊಸ ಮಾತೇನಲ್ಲ. 1902ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹುಡುಗ ಹುಡುಗಿಯರ ಕೃಷಿ ಸಂಘವೊಂದನ್ನು ಕಟ್ಟಿದರು. ಮುಂದೆ ‘ಫೋರ್-ಎಚ್’ ಎಂದು ಹೆಸರಾದ ಗ್ರಾಮೀಣ ಯುವಜನ ಚಳವಳಿಯ ಮೂಲಗಳಲ್ಲಿ ಇದೂ ಒಂದು. ಮಾಡುತ್ತಾ ಕಲಿಯಬೇಕೆಂಬುದೇ ಆ ಚಳವಳಿಯ ತಳಹದಿ. ನಮ್ಮ ದೇಶದಲ್ಲಿ 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ಆರಂಭವಾದಾಗಲೂ ಇದೇ ತತ್ತ್ವವನ್ನು ಅನುಸರಿಸಲಾಯಿತು.

ಆದುದರಿಂದ ‘ಯುವಜನರು ಮತ್ತು ಕೃಷಿಯ ಸವಾಲುಗಳು’ ಎಂಬಂತಹ ವಿಶಾಲವಾದ ವಿಷಯವನ್ನು ಆರಿಸಿಕೊಳ್ಳಬೇಡಿ. ಅದರಿಂದ ಭಾಷಣ ಹುಟ್ಟುತ್ತದೆ, ಕಮ್ಮಟ ಹುಟ್ಟುವುದಿಲ್ಲ. ಬಂದವರು ಹೊರಡುವಾಗ ಅವರ ಕೈಗೆ ಯಾವ ಕೆಲಸ ಬಂದಿರಬೇಕು ಎಂಬ ಪ್ರಶ್ನೆಯನ್ನು ಮೊದಲು ಹಾಕಿಕೊಳ್ಳಿ. ಅದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಬರೆದ ಮೇಲೆ ಉಳಿದುದನ್ನು ಬರೆಯಿರಿ.

ಎದುರಿಗೆ ಕುಳಿತವರು ಯಾರು?

ಇದನ್ನು ಮರೆತರೆ ಒಳ್ಳೆಯ ವಿಷಯವೂ ಕೆಡುತ್ತದೆ. ಮಾರ್ಗದರ್ಶಕರ ಸಮ್ಮೇಳನಕ್ಕೆ ಬರುವವರಲ್ಲಿ ಹೆಚ್ಚಿನವರು ಯುವಕರಲ್ಲ. ಯುವಕರಿಗೆ ಮಾರ್ಗದರ್ಶನ ನೀಡುವ ಹಿರಿಯರು ಮತ್ತು ಸಂಸ್ಥೆಯ ಕಾರ್ಯಕರ್ತರು. ಅವರಿಗೆ ಬೇಸಾಯದ ತಿಳಿವಳಿಕೆಯಷ್ಟೇ ಸಾಲದು. ಹದಿನಾರು ಹದಿನೇಳು ವಯಸ್ಸಿನ, ಹೆಚ್ಚು ಮಾತನಾಡದ ಹುಡುಗನೊಡನೆ ಕುಳಿತು ಮಾಡಬಹುದಾದ ಕೆಲಸವೊಂದು ಅವರಿಗೆ ಬೇಕು. ಎದುರುಬದುರು ಕೂರಿಸಿ ‘ನಿನ್ನ ಗುರಿ ಏನು?’ ಎಂದು ಕೇಳಿದರೆ ಅವನು ತಲೆ ತಗ್ಗಿಸಿಬಿಡಬಹುದು. ಇಬ್ಬರ ಕೈಗೂ ಒಂದೇ ಕೆಲಸ ಕೊಟ್ಟರೆ ಮಾತು ತಾನಾಗಿ ಬರುತ್ತದೆ.

ಒಂದು ಉದಾಹರಣೆ: ಬೀಜ ಮೊಳಕೆ ಪರೀಕ್ಷೆ

ಈ ದೃಷ್ಟಿಯಿಂದ ನೋಡಿದಾಗ ಬೀಜದ ಮೊಳಕೆ ಪರೀಕ್ಷೆ ಬಹಳ ತಕ್ಕ ವಿಷಯ. ಖರ್ಚು ಅತ್ಯಲ್ಪ, ಹಳೆಯ ಬಿಳಿ ಬಟ್ಟೆ, ದಾರ, ನೀರು, ಬೀಜ ಇದ್ದರೆ ಸಾಕು. ಅಲಸಂದೆ ಬೀಜ ದಪ್ಪವಾಗಿರುವುದರಿಂದ ಎಣಿಸಲು ಸುಲಭ.

ರಾಶಿಯಿಂದ ಆರಿಸದೆ 100 ಬೀಜಗಳನ್ನು ತೆಗೆದುಕೊಳ್ಳಬೇಕು. ದಪ್ಪ ಬೀಜಗಳನ್ನೇ ಹೆಕ್ಕಿದರೆ ಪರೀಕ್ಷೆ ಸುಳ್ಳಾಗುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಸಾಲಿಗೆ 10ರಂತೆ 10 ಸಾಲು ಜೋಡಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ, ಸುರುಳಿ ಸುತ್ತಿ ಸಡಿಲವಾಗಿ ಕಟ್ಟಬೇಕು. ನೀರು ತೊಟ್ಟಿಕ್ಕುವಷ್ಟಿದ್ದರೆ ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಸುರುಳಿಯನ್ನು ನೆರಳಿನಲ್ಲಿಟ್ಟು, ಒಣಗದಂತೆ ದಿನವೂ ನೀರು ಚಿಮುಕಿಸಬೇಕು. 5ನೆಯ ದಿನ ಮೊದಲ ಎಣಿಕೆ, 8ನೆಯ ದಿನ ಕೊನೆಯ ಎಣಿಕೆ. ಬೇರು ಮತ್ತು ಕುಡಿ ಎರಡೂ ಸರಿಯಾಗಿ ಬಂದ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಅಲಸಂದೆಯ ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇಕಡ 75ರಷ್ಟು ಮೊಳಕೆ ಇರಬೇಕೆಂಬುದು ನಿಯಮ. ಎಕರೆಗೆ 10 ಕಿ.ಗ್ರಾಂ. ಬಿತ್ತುವವರ ಬೀಜದಲ್ಲಿ ಶೇಕಡ 60 ಮಾತ್ರ ಮೊಳೆತರೆ, 10ನ್ನು 75ರಿಂದ ಗುಣಿಸಿ 60ರಿಂದ ಭಾಗಿಸಿ, 12.5 ಕಿ.ಗ್ರಾಂ. ಬೇಕಾಗುತ್ತದೆ. ಮೊಳಕೆ ಇದಕ್ಕಿಂತಲೂ ತೀರ ಕಡಿಮೆಯಿದ್ದರೆ ಆ ಬೀಜವನ್ನು ಬಿಟ್ಟು ಬೇರೆ ಬೀಜ ತರುವುದೇ ಲೇಸು. ಬಿತ್ತನೆಗೆ ಮೊದಲೇ ಈ ಲೆಕ್ಕ ಹೇಳಿದ ಹುಡುಗನ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಸುರುಳಿ ಕಟ್ಟಿದ ದಿನವೇ ಫಲ ಕಾಣುವುದಿಲ್ಲ. ಹುಡುಗನೂ ಮಾರ್ಗದರ್ಶಕರೂ 5ನೆಯ ದಿನ ಒಮ್ಮೆ, 8ನೆಯ ದಿನ ಇನ್ನೊಮ್ಮೆ ಸೇರಲೇಬೇಕು. ಮತ್ತೆ ಭೇಟಿಯಾಗಲು ಕೆಲಸವೇ ಕಾರಣ ಒದಗಿಸುತ್ತದೆ.

ಎಂಟು ದಿನದ ಕೆಲಸ 75 ನಿಮಿಷದಲ್ಲಿ

ಸಮ್ಮೇಳನದಲ್ಲಿ ಎಂಟು ದಿನ ಕಾಯಲಾಗದು. ಆದುದರಿಂದ ಕಮ್ಮಟದ 8 ದಿನ ಮೊದಲು ಕೆಲವು ಸುರುಳಿಗಳನ್ನೂ, 5 ದಿನ ಮೊದಲು ಇನ್ನು ಕೆಲವನ್ನೂ ಕಟ್ಟಿಟ್ಟು ಜೊತೆಗೆ ಒಯ್ಯಬೇಕು. ಸಮಯವನ್ನು ಹೀಗೆ ಹಂಚಬಹುದು:

1. ವಿಷಯ ಪರಿಚಯ: 5 ನಿಮಿಷ
2. ಬೀಜ ಎಣಿಸಿ ಸುರುಳಿ ಕಟ್ಟುವುದು: 25 ನಿಮಿಷ
3. ಮೊದಲೇ ಕಟ್ಟಿದ ಸುರುಳಿಗಳನ್ನು ಬಿಚ್ಚಿ ಎಣಿಕೆ, ಲೆಕ್ಕ: 20 ನಿಮಿಷ
4. ‘ನಮ್ಮ ಊರಿನ ಹುಡುಗ ಹುಡುಗಿಯರೊಡನೆ ಇದನ್ನು ಹೇಗೆ ಮಾಡುವೆವು?’ ಎಂದು ಇಬ್ಬಿಬ್ಬರಾಗಿ ಚರ್ಚೆ: 20 ನಿಮಿಷ
5. ಮುಂದಿನ ಭೇಟಿಯ ದಿನವನ್ನು ಬರೆದುಕೊಳ್ಳುವುದು: 5 ನಿಮಿಷ

ನಾಲ್ಕನೆಯ ಅಂಶವನ್ನು ಸಮಯವಿಲ್ಲವೆಂದು ಎಂದಿಗೂ ಕೈಬಿಡಬಾರದು. ಅದನ್ನು ಬಿಟ್ಟರೆ ಉಳಿಯುವುದು ಕೇವಲ ಬೀಜ ಪರೀಕ್ಷೆಯ ಪ್ರಾತ್ಯಕ್ಷಿಕೆ.

ಪ್ರಸ್ತಾವನೆಯಲ್ಲಿ ಇರಬೇಕಾದ ಅಂಶಗಳು

ಸಂಸ್ಥೆಯವರು ನಮೂನೆ ಕೊಟ್ಟಿದ್ದರೆ ಅದನ್ನೇ ತುಂಬತಕ್ಕದ್ದು. ಕೊಡದಿದ್ದರೆ ಈ ಅಂಶಗಳು ಸಾಕು:

1. ಕಮ್ಮಟದ ಹೆಸರು. ಕೆಲಸವನ್ನೇ ಹೇಳಬೇಕು. ಉದಾ: ‘ನೂರು ಬೀಜ, ಎಂಟು ದಿನ: ಹುಡುಗರೊಡನೆ ಮೊಳಕೆ ಪರೀಕ್ಷೆ’.
2. ಯಾರಿಗಾಗಿ, ಎಷ್ಟು ಜನರಿಗೆ. ಒಬ್ಬರೇ ನಡೆಸುವುದಾದರೆ 20-25 ಜನರಿಗಿಂತ ಹೆಚ್ಚು ಬೇಡ. ಎಲ್ಲರ ಕೈಯನ್ನೂ ನೋಡಲಾಗುವುದಿಲ್ಲ.
3. ಹೊರಡುವಾಗ ಅವರಿಗೆ ಬರುವ ಕೆಲಸ. ಒಂದು ಅಥವಾ ಎರಡು ಮಾತ್ರ.
4. ಸಮಯದ ಹಂಚಿಕೆ, ಮೇಲೆ ತೋರಿಸಿದಂತೆ.
5. ಬೇಕಾದ ಸಾಮಗ್ರಿ ಮತ್ತು ಸ್ಥಳ. ಮೇಜು, ನೀರು, ನೆರಳು ಬೇಕೆಂಬುದನ್ನು ಮೊದಲೇ ತಿಳಿಸಿ. ನೀವು ತರುವುದು ಯಾವುದು, ಅವರು ಒದಗಿಸಬೇಕಾದುದು ಯಾವುದು ಎಂದು ಬೇರೆಬೇರೆಯಾಗಿ ಬರೆಯಿರಿ.
6. ನಡೆಸುವವರ ಪರಿಚಯ. ಎಷ್ಟು ವರ್ಷದಿಂದ, ಎಷ್ಟು ಯುವಕರೊಡನೆ ಕೆಲಸ ಮಾಡಿದ್ದೀರಿ ಎಂಬುದನ್ನು ಇದ್ದಂತೆ ತಿಳಿಸಿ.

ಸಾಧ್ಯವಾದರೆ ನಿಮ್ಮಲ್ಲಿ ಕಲಿತ ಯುವಕ ಅಥವಾ ಯುವತಿಯೊಬ್ಬರನ್ನು ಸಹ ನಿರೂಪಕರನ್ನಾಗಿ ಸೇರಿಸಿಕೊಳ್ಳಿ. ಬೀಜ ಹಸನು ಮಾಡಿ ಕಾಪಿಡುವ ಕೆಲಸ ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲಿದೆ. ಅವರು ಮಾಡಿ ತೋರಿಸಿದರೆ ಕಮ್ಮಟದ ತೂಕ ಹೆಚ್ಚುತ್ತದೆ.

ಜೊತೆ ನಿಲ್ಲುವ ಅವಧಿ

ಪ್ರಸ್ತಾವನೆಯ ಕೊನೆಯಲ್ಲಿ ‘ಕಮ್ಮಟದ ನಂತರ’ ಎಂಬ ಒಂದು ಪ್ಯಾರಾ ಇರಲಿ. ಇದಕ್ಕೆ ಬಲವಾದ ಕಾರಣವಿದೆ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಮಾರ್ಗದರ್ಶಕ ಜೋಡಿಗಳನ್ನು ಕುರಿತ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದು ವರ್ಷ ಅಥವಾ ಹೆಚ್ಚು ಕಾಲ ಜೊತೆ ನಿಂತ ಕಡೆ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನ ಕಂಡುಬಂದಿತು. ಮೂರು ತಿಂಗಳೊಳಗೆ ನಂಟು ಕಡಿದ ಕಡೆಯಾದರೋ, ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಗೌರವ ಮೊದಲಿಗಿಂತಲೂ ಕುಗ್ಗಿತ್ತು. ಅರ್ಧಕ್ಕೆ ಕೈಬಿಡುವ ಮಾರ್ಗದರ್ಶನದಿಂದ ಹಾನಿಯೂ ಉಂಟು ಎಂಬುದನ್ನು ಇದರಿಂದ ಮನಗಾಣಬೇಕು.

ರೈತನಿಗೆ ಇದು ಅರ್ಥವಾಗದ ಮಾತಲ್ಲ. ಬಿತ್ತಿ ಕಳೆ ತೆಗೆಯದೆ ಬಿಟ್ಟ ಹೊಲಕ್ಕಿಂತ ಬಿತ್ತದೆ ಬಿಟ್ಟ ಹೊಲದಲ್ಲಿ ನಷ್ಟ ಕಡಿಮೆ. ಆದುದರಿಂದ ಕಮ್ಮಟಕ್ಕೆ ಬಂದವರು ಮುಂಗಾರಿನ ಬೀಜ ಪರೀಕ್ಷೆಯಿಂದ ಕಟಾವಿನ ನಂತರ ಬೀಜ ಕಾಪಿಡುವವರೆಗೆ ಒಂದು ವರ್ಷದ ಭೇಟಿಗಳ ಪಟ್ಟಿ ಮಾಡಿಕೊಳ್ಳುವಂತೆ ಯೋಜಿಸಿ. ಹದಿನೆಂಟು ತುಂಬದವರಿದ್ದರೆ ತಂದೆ ತಾಯಿಯರ ಒಪ್ಪಿಗೆ ಪಡೆಯುವುದು, ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆಯಲ್ಲೇ ಭೇಟಿಯಾಗುವುದು ಅತ್ಯವಶ್ಯಕವೆಂದು ಅದರಲ್ಲಿಯೇ ಬರೆಯಿರಿ.

ಕರಡನ್ನು ಕಳುಹಿಸುವ ಮೊದಲು ಬೇಸಾಯ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಆ 75 ನಿಮಿಷದಲ್ಲಿ ತಾವು ಏನು ಮಾಡಬೇಕೆಂಬುದು ಅವರಿಗೆ ತಿಳಿದರೆ ಪ್ರಸ್ತಾವನೆ ಸಿದ್ಧವಾಯಿತೆಂದು ತಿಳಿಯಿರಿ. ತಾಂತ್ರಿಕ ವಿಷಯದಲ್ಲಿ ಸಂದೇಹವಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ, ಕೊನೆಯ ದಿನಾಂಕಕ್ಕೆ ವಾರ ಮುಂಚೆಯೇ ಕಳುಹಿಸಿಕೊಡಿ.