ಎಟಿವಿಯ ಎಂಜಿನ್ ಸದ್ದಿಗೆ ಕಿವಿಗೊಡುವ ಕ್ರಮ

ಎಟಿವಿ, ಕ್ವಾಡ್ ಬೈಕ್ ಎಂದೆಲ್ಲ ಕರೆಯಲಾಗುವ ನಾಲ್ಕು ಚಕ್ರದ ಗುಡ್ಡಗಾಡು ವಾಹನದಲ್ಲಿ ಎಂಜಿನ್ ಸವಾರನ ಕಾಲುಗಳ ನಡುವೆಯೇ ಇರುತ್ತದೆ. ಕಾರಿನಲ್ಲಿರುವಂತೆ ಅದಕ್ಕೆ ಬಾನೆಟ್ಟಾಗಲಿ ಸದ್ದು ಹೀರುವ ಹೊದಿಕೆಯಾಗಲಿ ಇಲ್ಲದಿರುವುದರಿಂದ ಒಳಗಿನ ಪ್ರತಿಯೊಂದು ಬಡಿತವೂ ನೇರವಾಗಿ ಕಿವಿಗೆ ತಾಗುತ್ತದೆ. ಹೋಂಡಾ ಸಂಸ್ಥೆ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಯುಎಸ್90 ಎಂಬ ಮೂರು ಚಕ್ರದ ಗಾಡಿಯಿಂದ ಬೆಳೆದು ಬಂದ ಈ ವಾಹನ ಅಲ್ಲಿ ಹೊಲ ಮತ್ತು ಬೇಟೆಯ ಕಾಡುಗಳಲ್ಲಿ ದುಡಿಯುತ್ತಿದ್ದರೆ, ಕರ್ನಾಟಕದ ಹೆಚ್ಚಿನವರಿಗೆ ಮಲೆನಾಡು, ಕೊಡಗಿನ ರೆಸಾರ್ಟುಗಳ ಮೋಜಿನ ಸವಾರಿಯಾಗಿ ಪರಿಚಿತವಾಗಿದೆ. ಎಲ್ಲಿ ಓಡಿದರೂ ಅದರ ಪಾಡು ಒಂದೇ: ನಿಧಾನ ವೇಗ, ಭಾರಿ ಹೊರೆ, ಧೂಳು, ಕೆಸರು, ನೀರು. ಇಂಥ ದುಡಿಮೆಯಲ್ಲಿ ಎಂಜಿನ್ ಒಂದು ದಿನ ಹೊಸ ಸದ್ದು ಮಾಡಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಸದ್ದನ್ನು ಹೆಸರಿಸುವುದರಲ್ಲಿ ಕನ್ನಡಕ್ಕೆ ಬಡತನವಿಲ್ಲ. ವ್ಯಾಕರಣಕಾರರು ಅನುಕರಣಾವ್ಯಯ ಎಂದು ಕರೆಯುವ ಟಕಟಕ, ಕಟಕಟ, ಗಡಗಡ, ಝಣಝಣಗಳ ರಾಶಿಯೇ ಗ್ಯಾರೇಜಿನ ಮಾತಿನಲ್ಲಿ ದಿನವೂ ಬಳಕೆಯಾಗುತ್ತದೆ. ಆದರೆ ಒಬ್ಬರ ಟಕಟಕ ಇನ್ನೊಬ್ಬರಿಗೆ ಕಟಕಟವಾಗಿ ಕೇಳುವುದರಿಂದ ಈ ಸಂಪತ್ತೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ನುರಿತ ಮೆಕ್ಯಾನಿಕ್ ಸದ್ದು ಹೇಗಿದೆ ಎಂದು ಕೇಳುವುದಕ್ಕೆ ಮುಂಚೆ ಯಾವಾಗ ಬರುತ್ತದೆ ಎಂದು ಕೇಳುವುದು ಇದೇ ಕಾರಣಕ್ಕೆ: ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಲ್ಲೋ ಏರು ಹತ್ತುವಾಗಲೋ, ಥ್ರಾಟಲ್ ಕೊಟ್ಟಾಗಲೋ ಬಿಟ್ಟಾಗಲೋ ಎಂಬ ಉತ್ತರಗಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ತೀರ್ಮಾನಿಸಬೇಕಾದದ್ದು ಆ ಸದ್ದು ನಿಜವಾಗಿ ಎಂಜಿನ್ನಿನದೇ ಎಂಬುದನ್ನು. ಸೈಲೆನ್ಸರಿನ ಮೇಲಿನ ಶಾಖದ ತಗಡು ಸಡಿಲವಾಗಿ ಝಣಗುಟ್ಟುವುದು, ಹೊಟ್ಟೆಯಡಿಯ ರಕ್ಷಣಾ ಫಲಕದೊಳಗೆ ಕಲ್ಲು ಸಿಕ್ಕಿಕೊಳ್ಳುವುದು ಸಾಮಾನ್ಯ. ಇವುಗಳಿಗೆ ಒಂದು ಸ್ಪಾನರ್ ಸಾಕು. ಗಾಡಿ ನಿಂತಿದ್ದಾಗ ಎಂಜಿನ್ ಎಷ್ಟೇ ರೇಸ್ ಮಾಡಿದರೂ ಕೇಳದ ಸದ್ದು ಓಡುವಾಗ ಮಾತ್ರ ಕೇಳುತ್ತಿದ್ದರೆ, ಅದೂ ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿಯುತ್ತಿದ್ದರೆ, ಚಕ್ರದ ಬೇರಿಂಗನ್ನೋ ಆಕ್ಸಲನ್ನೋ ಶಂಕಿಸಬೇಕು. ಆದರೆ ಈ ಪರೀಕ್ಷೆಗೆ ಒಂದು ತೊಡಕಿದೆ. ಬಹಳಷ್ಟು ಎಟಿವಿಗಳಲ್ಲಿ ಸ್ಕೂಟರಿನಲ್ಲಿರುವಂತೆಯೇ ಅಗಲ ಕಿರಿದಾಗುವ ಎರಡು ಪುಲ್ಲಿಗಳ ನಡುವೆ ಓಡುವ ರಬ್ಬರ್ ಬೆಲ್ಟು ಎಂಜಿನ್ನಿನ ಶಕ್ತಿಯನ್ನು ಗೇರುಪೆಟ್ಟಿಗೆಗೆ ಸಾಗಿಸುತ್ತದೆ. ಮೊದಲ ಪುಲ್ಲಿ ಎಂಜಿನ್ನಿನ ಜೊತೆಯಲ್ಲೇ ತಿರುಗುವುದರಿಂದ, ಗಾಡಿ ನ್ಯೂಟ್ರಲಿನಲ್ಲಿದ್ದರೂ ಅದರ ಸವೆದ ಭಾಗಗಳ ಗಡಗಡ ಎಂಜಿನ್ನಿನೊಳಗಿನದೇ ಎಂಬ ಭ್ರಮೆ ಹುಟ್ಟಿಸಬಲ್ಲದು. ಹೊಳೆ ದಾಟಿದ ಮೇಲೆ ಕಿರ್ರೆಂಬ ಚೀರಾಟ ಬಂದು, ಎಂಜಿನ್ ಓಡಿದರೂ ಗಾಡಿ ಸಾಗದಿದ್ದರೆ ಬೆಲ್ಟಿನ ಪೆಟ್ಟಿಗೆಗೆ ನೀರು ನುಗ್ಗಿ ಬೆಲ್ಟು ಜಾರುತ್ತಿದೆ ಎಂದೇ ತಿಳಿಯಬಹುದು.

ಸದ್ದು ಎಂಜಿನ್ನಿನದೇ ಎಂದು ಖಚಿತವಾದ ಬಳಿಕ ಅದರ ಲಯವನ್ನು ಗಮನಿಸಬೇಕು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ, ಪಿಸ್ಟನ್ನಿನ ಮೇಲುಕೆಳಗಿನ ಚಲನೆಯನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 1500 ಸುತ್ತಿನಲ್ಲಿ ಎಂಜಿನ್ ನಿಂತಲ್ಲೇ ಓಡುತ್ತಿದೆ ಎಂದರೆ ಕ್ರ್ಯಾಂಕಿಗೆ ಅಂಟಿದ ದೋಷ ಸೆಕೆಂಡಿಗೆ 25 ಸಲ ಸದ್ದು ಮಾಡಬಲ್ಲದು, ಕ್ಯಾಮಿನ ಕಡೆಯದು ಸುಮಾರು 12 ಸಲ. ಇದನ್ನು ಯಾರೂ ಎಣಿಸಲಾರರು, ಎಣಿಸಬೇಕಾಗಿಯೂ ಇಲ್ಲ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಸೈಲೆನ್ಸರಿನ ಡಬ್ ಎಂಬ ಒಂದೊಂದು ಬಡಿತವೂ ಕ್ಯಾಮಿನ ಒಂದೊಂದು ಸುತ್ತಿಗೆ ಸಮನಾಗಿರುವುದರಿಂದ, ಅದನ್ನೇ ತಾಳವಾಗಿಟ್ಟುಕೊಂಡು ಹೊಸ ಸದ್ದು ಅದರ ಜೊತೆಗೇ ಬೀಳುತ್ತಿದೆಯೋ ಇಮ್ಮಡಿ ವೇಗದಲ್ಲಿದೆಯೋ ಎಂದು ಕೇಳಿದರೆ ಸಾಕು.

ತಾಳದ ಜೊತೆಗೆ, ಎಂಜಿನ್ನಿನ ತಲೆಭಾಗದಿಂದ ಬರುವ ಹಗುರವಾದ ಟಿಕ್‌ಟಿಕ್ ಸಾಮಾನ್ಯವಾಗಿ ಟ್ಯಾಪೆಟ್ಟಿನದು, ಎಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಟ್ಟಿರುವ ಸಂದು ಹಿಗ್ಗಿದ್ದರ ಗುರುತು. ಈ ಸಂದು ಹಲವು ಎಂಜಿನ್ನುಗಳಲ್ಲಿ 0.1 ಮಿಲಿಮೀಟರಿನ ಆಸುಪಾಸು, ಹೆಚ್ಚುಕಡಿಮೆ ಒಂದು ಹಾಳೆ ಕಾಗದದ ದಪ್ಪ. ಎಂಜಿನ್ ಪೂರ್ತಿ ತಣಿದಿರುವಾಗ, ಪಿಸ್ಟನ್ ಒತ್ತಡದ ಹೊಡೆತದ ತುದಿಯಲ್ಲಿರುವಂತೆ ನಿಲ್ಲಿಸಿ, ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿಯಿಂದ ಅದನ್ನು ಅಳೆಯುತ್ತಾರೆ. ಇಲ್ಲಿ ಮಾಲೀಕರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಸದ್ದು ಅಡಗಲಿ ಎಂದು ಸಂದನ್ನು ಅಳತೆಗಿಂತ ಬಿಗಿ ಮಾಡಿಸಿದರೆ, ಬಿಸಿಯಲ್ಲಿ ಹಿಗ್ಗಿದ ವಾಲ್ವು ತನ್ನ ಪೀಠದ ಮೇಲೆ ಸರಿಯಾಗಿ ಕೂರದೆ, ಶಾಖವನ್ನು ಅದಕ್ಕೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಹೀಗಾಗಿ ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಮೌನವಾಗಿರುವ ಬಿಗಿ ಟ್ಯಾಪೆಟ್ಟೇ ಹೆಚ್ಚು ಅಪಾಯಕಾರಿ. ಟ್ಯಾಪೆಟ್ ಸರಿಯಿದ್ದೂ, ಥ್ರಾಟಲ್ ಬಿಟ್ಟೊಡನೆ ಪಕ್ಕದ ಕವಚದಿಂದ ಸರಪಳಿ ಅಲುಗಿಸಿದಂಥ ಸದ್ದು ಬಂದರೆ, ಹಿಗ್ಗಿದ ಟೈಮಿಂಗ್ ಚೈನನ್ನೋ ಅದನ್ನು ಬಿಗಿಯಾಗಿಡುವ ಟೆನ್ಶನರನ್ನೋ ನೋಡಬೇಕು.

ಉಷ್ಣವೂ ಸಾಕ್ಷಿ ನುಡಿಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟೊಳ್ಳಾಗಿ ಬಡಿದು ಕೆಲವು ನಿಮಿಷಗಳಲ್ಲಿ ಅಡಗುವ ಸದ್ದಿಗೆ ಎರಡು ಕಾರಣಗಳಿರಬಹುದು: ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಆಚೀಚೆ ವಾಲಿ ಗೋಡೆಗೆ ಬಡಿಯುತ್ತಿದ್ದು, ಕಾದ ಮೇಲೆ ಅಲ್ಯೂಮಿನಿಯಂ ಹಿಗ್ಗಿ ಸಂದು ಮುಚ್ಚುವುದು ಒಂದು, ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವ ಜಾಗದ ಗ್ಯಾಸ್ಕೆಟ್ ಒಡೆದು, ಬಿಸಿಗೆ ಲೋಹ ಹಿಗ್ಗಿದಾಗ ಸೋರಿಕೆ ನಿಲ್ಲುವುದು ಇನ್ನೊಂದು. ಎರಡನೆಯದನ್ನು ಆ ಜಾಗದ ಕಪ್ಪು ಮಸಿಯೇ ಹಿಡಿದುಕೊಡುತ್ತದೆ, ಖರ್ಚೂ ಕಡಿಮೆ; ಮೊದಲನೆಯದಾದರೆ ಸಿಲಿಂಡರ್ ಬೋರ್ ಮಾಡಿಸುವ ಮಾತು ಬರುತ್ತದೆ. ಸಿಲಿಂಡರ್ ಬೇಗ ಸವೆಯುವುದಕ್ಕೆ ಈ ವಾಹನದಲ್ಲಿ ಮುಖ್ಯ ಕಾರಣ ಧೂಳು. ಏರ್ ಫಿಲ್ಟರ್ ದಾಟಿದ ಮೇಲಿನ ಕೊಳವೆಯೊಳಗೆ ಬೆರಳಾಡಿಸಿದಾಗ ಮಣ್ಣು ಅಂಟಿದರೆ ಸವೆತ ಆಗಲೇ ಶುರುವಾಗಿದೆ ಎಂದೇ ಅರ್ಥ. ತಣ್ಣಗಿದ್ದಾಗಿನ ಈ ಸದ್ದಿಗೆ ವಿರುದ್ಧವಾಗಿ, ಬಿಸಿಯಾದ ಎಂಜಿನ್ ಏರಿನಲ್ಲಿ ಏದುಸಿರು ಬಿಡುವಾಗ ಗೋಲಿಗಳು ತಾಕಿದಂತೆ ಕೇಳುವ ಕಿಣಿಕಿಣಿ, ಇಂಧನ ತನ್ನ ಹೊತ್ತಿಗೆ ನಯವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದರಿಂದ ಹುಟ್ಟುತ್ತದೆ. ಎಟಿವಿಯಲ್ಲಿ ಅದರ ಮೂಲ ಎಷ್ಟೋ ಸಲ ಕೆಸರು ಮೆತ್ತಿಕೊಂಡು ಗಾಳಿಯಾಡದ ರೇಡಿಯೇಟರ್.

ಜಾಗ ಹುಡುಕುವುದಕ್ಕೆ ಬೇಕಾದ ಉಪಕರಣ ಸರಳವಾದದ್ದು. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಸ್ಟೆತೊಸ್ಕೋಪಿಗೆ ನಾಂದಿ ಹಾಡಿದ ತತ್ತ್ವವನ್ನೇ, ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಯ ಬಳಿಯ ಮೂಳೆಗೂ ಒತ್ತಿ ಬಳಸಿಕೊಳ್ಳುತ್ತಾನೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಉಕ್ಕು, ಅಲ್ಯೂಮಿನಿಯಂಗಳಲ್ಲಿ ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು ವೇಗವಾಗಿ ಓಡಿ ಇಡೀ ಕವಚವನ್ನೇ ಮೊಳಗಿಸುವುದರಿಂದ ಬರಿಗಿವಿಗೆ ದಿಕ್ಕು ತಪ್ಪುತ್ತದೆ. ಸ್ಕ್ರೂಡ್ರೈವರನ್ನು ಒಂದೊಂದೇ ಜಾಗಕ್ಕೆ ಇಡುತ್ತ ಹೋದರೆ ಸದ್ದು ಎಲ್ಲಿ ಹರಿತವಾಗಿ ಕೇಳುತ್ತದೋ ಅಲ್ಲಿಗೆ ಮೂಲ ಹತ್ತಿರ. ತಿರುಗುವ ಫ್ಯಾನ್, ಬೆಲ್ಟುಗಳಿಂದ ಕೈಯನ್ನೂ ಸಡಿಲ ಬಟ್ಟೆಯನ್ನೂ ದೂರವಿಡಬೇಕು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರುವುದರಿಂದ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬಾರದು.

ಇಷ್ಟಕ್ಕೂ ಮುಂಚೆ ಮಾಡಬೇಕಾದದ್ದು ಆಯಿಲ್ ನೋಡುವುದು. ಮಟ್ಟ ಇಳಿದಿದ್ದರೆ ಎಲ್ಲ ಸದ್ದುಗಳೂ ಹೆಚ್ಚುತ್ತವೆ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಸಿದಾಗ ಅಯಸ್ಕಾಂತಕ್ಕೆ ಅಂಟುವ ಚೂರುಗಳು ಸಿಕ್ಕರೆ ಗೇರು, ಚೈನು, ಬೇರಿಂಗುಗಳ ಉಕ್ಕು, ಅಂಟದ ಹೊಳಪಿನ ಚೂರುಗಳಾದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಸವೆಯುತ್ತಿರಬಹುದು.

ಕೊನೆಗೆ ಉಳಿಯುವುದು, ಕೆಳಭಾಗದಿಂದ ಬರುವ, ಬಿಸಿಯಾದಂತೆ ಅಡಗುವುದಕ್ಕೆ ಬದಲು ಹೆಚ್ಚುವ, ಥ್ರಾಟಲ್ ಕೊಟ್ಟಷ್ಟೂ ಸುತ್ತಿಗೆಯಲ್ಲಿ ಹೊಡೆದಂತೆ ಭಾರವಾಗುವ ಬಡಿತ. ಇದು ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿದಿರುವ ತುದಿಯ ಬೇರಿಂಗ್ ಸವೆದುಹೋದದ್ದರ ಲಕ್ಷಣ. ಉಳಿದ ಬಹುಪಾಲು ಸದ್ದುಗಳೊಡನೆ ಹೇಗೋ ಮನೆ ಸೇರಬಹುದಾದರೂ ಇದರೊಡನೆ ಸಾಗಿದರೆ ರಾಡ್ ಮುರಿದು ಕವಚವನ್ನೇ ಸೀಳಿ ಹೊರಬರುವ ಸಾಧ್ಯತೆ ಇದೆ. ಇಂಥ ಬಡಿತ ಕೇಳಿದವರು ಎಂಜಿನ್ನನ್ನು ಅಲ್ಲೇ ಆರಿಸಿ, ಮೆಕ್ಯಾನಿಕ್‌ಗೆ ಕೇಳಿಸುವುದಕ್ಕೆಂದೂ ಮತ್ತೊಮ್ಮೆ ಸ್ಟಾರ್ಟ್ ಮಾಡದೆ, ಗಾಡಿಯನ್ನು ಇನ್ನೊಂದು ವಾಹನದ ಮೇಲೆ ಹೇರಿಯೇ ಗ್ಯಾರೇಜಿಗೆ ಸಾಗಿಸಬೇಕು.