ರಾತ್ರಿಯ ಲಾರಿ: ಲಾಭ ಯಾರದು, ನಿದ್ದೆ ಯಾರದು?

ಸರಕಿನ ಲಾರಿಗಳು ರಾತ್ರಿಯಿಡೀ ಓಡಬೇಕೆ ಬೇಡವೆ ಎಂಬ ಪ್ರಶ್ನೆಯು ಯಾವದಾದರೊಂದು ಭೀಕರ ಅಪಘಾತದ ಮರುದಿನ ತಲೆಯೆತ್ತಿ, ಮೂರು ದಿನಗಳಲ್ಲಿ ತಾನಾಗಿಯೇ ಅಡಗಿಹೋಗುವದು ವಾಡಿಕೆಯಾಗಿದೆ. ಸಿಟ್ಟು ಮತ್ತು ಕನಿಕರ ಎರಡೂ ತಣ್ಣಗಿರುವ ವೇಳೆಯಲ್ಲಿಯೇ ಇದನ್ನು ವಿಚಾರಿಸುವದು ಲೇಸೆಂದು ತೋರುವದರಿಂದ ಇಂದು ಈ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ರಾತ್ರಿಯ ಪ್ರಯಾಣದಲ್ಲಿ ಅನುಕೂಲಗಳೇ ಇಲ್ಲವೆನ್ನುವವರು ಲಾರಿಯ ವ್ಯವಹಾರವನ್ನು ಬಲ್ಲವರಲ್ಲ. ವೈಶಾಖದ ಮಧ್ಯಾಹ್ನದಲ್ಲಿ ಕಾದ ಡಾಂಬರಿನ ಮೇಲೆ ಭಾರ ಹೊತ್ತು ಓಡುವ ಗಾಲಿಯ ಟಾಯರು ಸಿಡಿಯುವ ಭಯ ಹೆಚ್ಚು. ಇರುಳಿನ ತಂಪಿನಲ್ಲಿ ಆ ಭಯ ಕಡಿಮೆ. ಊರೂರಿನ ಸಂತೆ, ಸಾಲೆಯ ಮಕ್ಕಳು, ದನಕರು, ಮೋಟಾರು ಸೈಕಲ್ಲುಗಳ ದಟ್ಟಣೆ ಇಲ್ಲದ್ದರಿಂದ ಲಾರಿಯು ಒಂದೇ ಸಮನೆ ಸಾಗುವದು, ಡೀಸೆಲ್ಲು ಉಳಿಯುವದು. ಶಿರಾಡಿ ಘಟ್ಟದ ತಿರುವುಗಳಲ್ಲಿ ಎದುರು ಬರುವ ವಾಹನದ ದೀಪದ ಬೆಳಕು, ವಾಹನವು ಕಾಣುವದಕ್ಕಿಂತ ಮೊದಲೇ ಗಿಡಮರಗಳ ಮೇಲೆ ಬಿದ್ದು ಎಚ್ಚರಿಕೆ ಕೊಡುವದುಂಟು. ಹಗಲಿನಲ್ಲಿ ಈ ಸೂಚನೆ ದೊರೆಯುವದಿಲ್ಲ.

ಇದಕ್ಕೂ ದೊಡ್ಡ ಕಾರಣವು ಪಟ್ಟಣಗಳದ್ದು. ಬೆಂಗಳೂರಿನಂಥ ನಗರಗಳಲ್ಲಿ ಹಗಲಿನ ದಟ್ಟಣೆಯ ತಾಸುಗಳಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಬೆಳಗಾಗುವ ಮೊದಲು ಪೇಟೆಯನ್ನು ಮುಟ್ಟದ ಲಾರಿಯು ಊರ ಹೊರಗೆ ನಿಂತು ಕಾಯಬೇಕು. ಕಾಯಿಪಲ್ಲೆ, ಹೂವು, ಹಾಲು, ಮಲ್ಪೆಯ ಮೀನು ಇವೆಲ್ಲವೂ ಕತ್ತಲೆಯಲ್ಲಿಯೇ ದಾರಿ ಸವೆಸಿ, ಸೂರ್ಯೋದಯಕ್ಕೆ ಗಿರಾಕಿಯ ಕಣ್ಣಿಗೆ ತಾಜಾ ಆಗಿ ಕಾಣಬೇಕು. ಹೆಚ್ಚೇಕೆ, ವಾಚಕರು ಚಹದೊಂದಿಗೆ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯೂ ಒಬ್ಬನ ನಿದ್ದೆಯನ್ನು ಕೆಡಿಸಿಯೇ ಬಂದಿದೆ.

ಹೀಗೆ ಲಾಭದ ಪಟ್ಟಿ ಸಣ್ಣದಲ್ಲ. ಆದರೆ ಮಾಲಿನ ಒಡೆಯ, ಲಾರಿಯ ಮಾಲಕ, ಅಡತಿಯವ, ಗಿರಾಕಿ, ನಗರದ ನಿವಾಸಿ ಇವರೆಲ್ಲರ ಹೆಸರು ಬರುವ ಆ ಪಟ್ಟಿಯಲ್ಲಿ ಚಾಲಕನ ಹೆಸರು ಎಲ್ಲಿದೆ? ಖಾಲಿ ದಾರಿಯ ಸುಖವೊಂದು ಅವನ ಪಾಲಿಗೆ ಬಂದಿರಬಹುದು. ಉಳಿದಂತೆ ನಷ್ಟದ ಪಟ್ಟಿಯೇ ಅವನದು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡುವ ಒಂದು ಲಾರಿಯನ್ನೇ ಊಹಿಸೋಣ. ದಾರಿಯು ಸುಮಾರು 410 ಕಿಲೋಮೀಟರು. ಚಾಲಕನು ಎದ್ದದ್ದು ಬೆಳಗಿನ ಆರಕ್ಕೆ. ಹಗಲೆಲ್ಲ ಹಮಾಲರು ಮಾಲು ಹೇರುವಾಗ ಚೀಲಗಳ ಎಣಿಕೆ, ತಾಡಪತ್ರಿಯ ಬಿಗಿತ, ಕಾಗದಪತ್ರಗಳ ಓಡಾಟ ಅವನ ಮೇಲೆಯೇ. ರಾತ್ರಿ ಎಂಟಕ್ಕೆ ಲಾರಿ ಹೊರಟಿತೆನ್ನಿರಿ. ಹರಿಹರ ದಾಟಿ ದಾವಣಗೆರೆ ಸಮೀಪಿಸುವಾಗ ಹನ್ನೊಂದು ಗಂಟೆ. ಅವನು ಎಚ್ಚರವಿದ್ದು ಹದಿನೇಳು ತಾಸುಗಳಾದವು. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹದಿನೇಳು ತಾಸು ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಪ್ರತಿಶತ 0.05ರಷ್ಟು ಮದ್ಯವಿದ್ದವನದಕ್ಕೆ ಸಮನಾಗಿ ಕುಗ್ಗುತ್ತದೆ. ನಮ್ಮ ದೇಶದ ಕಾಯಿದೆಯು ವಾಹನ ನಡೆಯಿಸುವವನಿಗೆ ಹಾಕಿದ ಮೇರೆ 0.03. ಹನಿ ಹೆಂಡ ಮುಟ್ಟದ ಈ ಮನುಷ್ಯನು ದಾವಣಗೆರೆಯ ಹತ್ತಿರವೇ ಆ ಮೇರೆಯನ್ನು ದಾಟಿದವನಂತಾದನು. ಇನ್ನೂ ಅರ್ಧಕ್ಕಿಂತ ಹೆಚ್ಚಿನ ದಾರಿ ಉಳಿದಿದೆ. ಚಿತ್ರದುರ್ಗ, ಹಿರಿಯೂರು ಹಿಂದೆ ಬಿದ್ದು ಶಿರಾ ಬರುವ ಹೊತ್ತಿಗೆ ಮೂರು ಗಂಟೆಯ ಸುಮಾರು. ರಾತ್ರಿ ಎರಡರಿಂದ ಬೆಳಗಿನ ಆರರ ವರೆಗಿನ ಸಮಯದಲ್ಲಿ ಮನುಷ್ಯನ ದೇಹವು ನಿದ್ದೆಯನ್ನು ಬೇಡುವದು ಅತಿ ಹೆಚ್ಚು. ಬೀಡಿ, ಚಹ, ತಣ್ಣೀರು ಇವು ಸ್ವಲ್ಪ ಹೊತ್ತಿನ ಉಪಾಯಗಳು. ರೆಪ್ಪೆ ಮುಚ್ಚಿದ್ದು ಮೂರೇ ಸೆಕೆಂಡಾದರೂ, ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಲಾರಿಯು ಅಷ್ಟರಲ್ಲಿ 50 ಮೀಟರು ಕುರುಡಾಗಿ ಓಡಿರುತ್ತದೆ. ಆ ಐವತ್ತು ಮೀಟರಿನಲ್ಲಿ ಹಿಂದೀಪವಿಲ್ಲದೆ ನಿಂತ ಇನ್ನೊಂದು ಲಾರಿಯೋ, ಸುಗ್ಗಿಯ ದಿನಗಳಾದರೆ ಕಬ್ಬು ಹೇರಿದ ಟ್ರ್ಯಾಕ್ಟರೋ ಇದ್ದರೆ ಮುಂದೇನೆಂದು ವಿವರಿಸಬೇಕಾದದ್ದಿಲ್ಲ.

ಮರುದಿನದ ಪಂಚನಾಮೆಯಲ್ಲಿ ಇದೆಲ್ಲ ಏನೆಂದು ದಾಖಲಾಗುವದು? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯು ಇವುಗಳಲ್ಲಿ ಬಹುಪಾಲನ್ನು ಅತಿವೇಗದ ಲೆಕ್ಕಕ್ಕೆ ಬರೆದಿದೆ. ಕುಡಿತ, ಅಡ್ಡದಾರಿ, ಕೆಂಪು ದೀಪ, ಮೊಬೈಲು ಇವಕ್ಕೆಲ್ಲ ಪ್ರತ್ಯೇಕ ಕಾಲಮುಗಳಿವೆ. ದಣಿವಿಗೂ ನಿದ್ದೆಗೂ ಇಲ್ಲ. ತೂಕಡಿಸಿದವನು ಬ್ರೇಕು ಒತ್ತುವದಿಲ್ಲವಾದ್ದರಿಂದ ಪೆಟ್ಟು ಪೂರ್ಣ ವೇಗದಲ್ಲಿಯೇ ಬೀಳುತ್ತದೆ, ನೋಡಿದವರಿಗೆ ಅದು ಅತಿವೇಗವಾಗಿಯೇ ಕಾಣುತ್ತದೆ. ಹೆಸರೇ ಇಲ್ಲದ ರೋಗಕ್ಕೆ ಔಷಧವನ್ನು ಯಾರು ಹುಡುಕಬೇಕು?

ಕಾಯಿದೆಯೇ ಇಲ್ಲವೆನ್ನುವಂತಿರಲಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ತಾಸು, ವಾರಕ್ಕೆ 48 ತಾಸುಗಳ ಮೇರೆಯನ್ನು ಹಾಕಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಅನ್ವಯಿಸುವಂಥದು; ಒಂದೆರಡು ಲಾರಿಗಳ ಮಾಲಕರೇ ತುಂಬಿದ ಈ ಉದ್ಯೋಗದಲ್ಲಿ ಅದರ ಕೈಗೆ ಸಿಕ್ಕವರು ವಿರಳ. ಈಗ ಅದರ ಸ್ಥಾನದಲ್ಲಿ, 2025ರ ನವೆಂಬರ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸುರಕ್ಷತೆಯ ಸಂಹಿತೆಯಲ್ಲಿ ಮೋಟಾರು ಸಾರಿಗೆಯ ಸಂಸ್ಥೆಗೆ ಹತ್ತು ಕೆಲಸಗಾರರ ಮಿತಿಯನ್ನು ಇಡಲಾಗಿದೆ. ಬಲೆಯ ಕಣ್ಣು ಮೊದಲೇ ದೊಡ್ಡದಿತ್ತು, ಇನ್ನಷ್ಟು ದೊಡ್ಡದಾಯಿತು. ನ್ಯಾಶನಲ್ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು 2018ರಲ್ಲಿಯೇ ತೆಗೆದುಹಾಕಿದ್ದಾಗಿದೆ. 2025ರ ಅಕ್ಟೋಬರದಿಂದ ತಯಾರಾಗುವ ಲಾರಿಗಳ ಕೋಣೆಗೆ ತಂಪುಯಂತ್ರವನ್ನು ಕಡ್ಡಾಯ ಮಾಡಿದ್ದು ಸರಕಾರದವರ ಸತ್ಕಾರ್ಯವೆಂದು ಒಪ್ಪುತ್ತೇವೆ. ಆದರೆ ತಂಪು ಗಾಳಿಯು ನಿದ್ದೆಗೆ ಬದಲಾಗಲಾರದು.

ರಾತ್ರಿ ಹಾದಿಯನ್ನು ಮುಚ್ಚಿದರೆ ವ್ಯಾಪಾರ ನೆಲಕಚ್ಚುವದೆಂದು ಹೆದರುವವರು ಬಂಡೀಪುರವನ್ನು ನೋಡಬಹುದು. ಗುಂಡ್ಲುಪೇಟೆಯಿಂದ ಸುಲ್ತಾನ ಬತ್ತೇರಿಗೆ ಕಾಡಿನ ನಡುವೆ ಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಂಚಾರವನ್ನು ನಿಷೇಧಿಸಲಾಯಿತು; 2010ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೇರಳದಿಂದ ಆಕ್ಷೇಪಣೆಗಳು ಬಂದವು, 2019ರಲ್ಲಿ ಬತ್ತೇರಿಯಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು. ವಯನಾಡಿನವರ ತೊಂದರೆಯನ್ನು ನಾವು ಅಲ್ಲಗಳೆಯುವದಿಲ್ಲ. ಆದರೂ ಗುಂಡ್ಲುಪೇಟೆಯ ತರಕಾರಿಯು ಕೇರಳವನ್ನು ಮುಟ್ಟುವದು ನಿಂತಿಲ್ಲ. ಆನೆ ಹುಲಿಗಳ ರಾತ್ರಿಗೆ ದೊರೆತ ಈ ರಕ್ಷಣೆಯನ್ನು ಕಂಡಾಗ, ಕಾಡಿನ ಅಂಚಿನಲ್ಲಿ ಲಾರಿ ನಿಲ್ಲಿಸಿ ಒತ್ತಾಯದಿಂದಲಾದರೂ ಕಣ್ಣು ಮುಚ್ಚುವ ಚಾಲಕನೇ ಉಳಿದ ಹಾದಿಗಳವನಿಗಿಂತ ಭಾಗ್ಯಶಾಲಿಯೆಂದು ನಮಗೆನಿಸುತ್ತದೆ.

ಎಲ್ಲ ಹೆದ್ದಾರಿಗಳನ್ನು ರಾತ್ರಿ ಮುಚ್ಚಿರೆಂದು ನಾವು ಹೇಳುವದಿಲ್ಲ. ಹಗಲು ಮಲಗಿ ರಾತ್ರಿ ಹೊರಡುವ ಚಾಲಕನಿಗೆ ರಾತ್ರಿಯ ಹಾದಿಯು ಅಷ್ಟು ವೈರಿಯಲ್ಲ. ಹಗಲು ದುಡಿದವನನ್ನೇ ರಾತ್ರಿಯೂ ಕೂಡಿಸುವದೇ ಅನ್ಯಾಯ. ಟ್ರಿಪ್ಪಿಗೆ ಇಷ್ಟು, ಬೇಗ ಮುಟ್ಟಿಸಿದರೆ ಮೇಲೆ ಇಷ್ಟು ಎಂದು ಕೂಲಿ ಗೊತ್ತುಮಾಡಿದ ಮೇಲೆ ನಿಂತು ಮಲಗು ಎಂಬ ಬುದ್ಧಿವಾದಕ್ಕೆ ಅರ್ಥವಿಲ್ಲ. ಯುರೋಪಿನ ಒಕ್ಕೂಟದವರು ಇದನ್ನು ಸರಿಯಾಗಿ ಗುರುತಿಸಿದರು. ಅಲ್ಲಿ ನಾಲ್ಕೂವರೆ ತಾಸು ನಡೆಯಿಸಿದವನು 45 ನಿಮಿಷ ವಿಶ್ರಮಿಸಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ತಾಸಿಗಿಂತ ಹೆಚ್ಚು ನಡೆಯಿಸಕೂಡದು. ಲಾರಿಯಲ್ಲಿಯೇ ಇರುವ ಯಂತ್ರವು ಇದನ್ನು ಬರೆದಿಡುವದು. ಅದಕ್ಕಿಂತ ಮುಖ್ಯವಾಗಿ, ರಸ್ತೆಯ ಸುರಕ್ಷತೆಗೆ ಕುತ್ತು ತರುವಂತೆ ಕ್ರಮಿಸಿದ ದೂರದ ಮೇಲೆ ಕೂಲಿ ಕೊಡುವದನ್ನು 2006ರ ಅವರ ನಿಯಮವು ನಿಷೇಧಿಸಿದೆ. ಒಪ್ಪಿದ ವೇಳಾಪಟ್ಟಿಯು ಈ ತಾಸುಗಳಿಗೆ ಹೊಂದುವಂತೆ ನೋಡಿಕೊಳ್ಳುವ ಹೊಣೆಯನ್ನು ಮಾಲು ಕಳಿಸುವವನ ಮೇಲೆಯೂ ಹೊರಿಸಿದೆ.

ನಮ್ಮಲ್ಲಿ ಇದಕ್ಕೆ ಹೊಸ ಕಚೇರಿಯೂ ಬೇಕಾಗದು. ಬಟ್ಟೆ, ಸಿಮೆಂಟಿನಂಥ ಮಾಲಿನೊಂದಿಗೆ ಇಂದು ಹೋಗುವ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿಯಿದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿಗೆ ಸರಕಾರವೇ ಮೂರು ದಿನ ಕೊಟ್ಟಿದೆಯೆಂದಾಯಿತು. ಒಂದೇ ರಾತ್ರಿಯ ಆತುರವು ಸರಕಾರದ್ದಲ್ಲ, ಪೇಟೆಯದು. ಮಾಲಿನ ಬೆಲೆ, ದೂರ, ಲಾರಿಯ ನಂಬರು ಎಲ್ಲವನ್ನೂ ಕೇಳುವ ಆ ಚೀಟಿಯು, ಹೇರಿಕೆ ಆರಂಭವಾದ ವೇಳೆಯನ್ನೂ ಚಾಲಕನ ಹಿಂದಿನ ಟ್ರಿಪ್ಪು ಮುಗಿದ ವೇಳೆಯನ್ನೂ ಕೇಳಲಿ. ಹಾಗೆಯೇ ಹಾವೇರಿ, ಹಿರಿಯೂರು, ಶಿರಾಗಳ ಸಮೀಪ ಹೆದ್ದಾರಿಯಿಂದ ಒಳಕ್ಕೆ, ದೀಪ, ನೀರು, ಕಾವಲುಗಾರ ಇರುವ ಲಾರಿ ತಂಗುದಾಣಗಳು ಸಾಕಷ್ಟು ಆಗಲಿ. ಡೀಸೆಲ್ಲು ಕದಿಯುವವರ ಭಯದಿಂದ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅರೆಗಣ್ಣಿನಲ್ಲಿ ಕಳೆಯುವ ಎರಡು ತಾಸನ್ನು ಯಾರೂ ವಿಶ್ರಾಂತಿಯೆಂದು ಲೆಕ್ಕ ಹಿಡಿಯಲಾರರು.